ಗೋಧಿಯೊಳಗಿನ ಗೋಡೆ

ಆಕಾಶದಿಂದ ತೆಗೆದ ಚಿತ್ರವನ್ನು ಯಾರ ಕೈಗೆ ಕೊಟ್ಟರೂ ಅವರು ಮೊದಲು ಹುಡುಕುವುದು ತಮ್ಮ ಮನೆಯ ಮಾಡನ್ನು. ಉಪಗ್ರಹದ ಚಿತ್ರಗಳು ಕಂಪ್ಯೂಟರಿನಲ್ಲಿ ಸುಲಭವಾಗಿ ಸಿಗತೊಡಗಿದ ಕಾಲದಲ್ಲಿ, ಸೌದಿಯ ಜಿದ್ದಾ ನಗರದ ನಮ್ಮ ಇಂಗ್ಲಿಷ್ ಪತ್ರಿಕೆಯ ಕಚೇರಿಯಲ್ಲಿ ಇದನ್ನು ದಿನವೂ ಕಾಣುತ್ತಿದ್ದೆ. ಇಡೀ ಭೂಗೋಳ ಪರದೆಯ ಮೇಲೆ ತಿರುಗುತ್ತಿದ್ದರೂ ಒಬ್ಬ ಮಲಪ್ಪುರಕ್ಕೆ, ಇನ್ನೊಬ್ಬ ಸಿಯಾಲ್‌ಕೋಟಿಗೆ, ನಾನು ಕುಂದಾಪುರದ ಹತ್ತಿರದ ಒಂದು ಹಂಚಿನ ಮಾಡಿಗೆ ಹೋಗಿ ನಿಲ್ಲುತ್ತಿದ್ದೆವು. ಸಿಕ್ಕಿದ ಮೇಲೆ ಅದರಲ್ಲಿ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೂ ಬೆರಳಿಟ್ಟು ಪಕ್ಕದವನಿಗೆ ತೋರಿಸದೆ ಬಿಡುತ್ತಿರಲಿಲ್ಲ. ಪಕ್ಕದವನು ತನ್ನ ಸರದಿ ಬೇಗ ಬರಲೆಂದು ತಲೆಯಾಡಿಸುತ್ತಿದ್ದ.

ವಿಟ್ಲದ ಕಡೆಯ ಹಸನಬ್ಬರು ಇದಕ್ಕೆ ಅಪವಾದ. ಅಂಥ ಚಿತ್ರವೊಂದನ್ನು ನನ್ನ ಮುಂದೆ ಹರಡಿದಾಗ ಅವರು ಬೆರಳಿಟ್ಟದ್ದು ಮನೆಯ ಮೇಲಲ್ಲ, ಒಂದು ಗೋಧಿ ಗದ್ದೆಯ ಮೇಲೆ. ಅದೂ ಇನ್ನೊಬ್ಬರ ಗದ್ದೆ.

ಸೌದಿಯಲ್ಲಿ ಗೋಧಿ ಬೆಳೆಯನ್ನು ಹಂತಹಂತವಾಗಿ ಕಡಿಮೆ ಮಾಡುತ್ತಿದ್ದ ವರ್ಷಗಳವು. ಅದರ ಬಗ್ಗೆ ಬರೆಯಬೇಕಿದ್ದ ವರದಿಗಾರ ರಜೆಯ ಮೇಲಿದ್ದುದರಿಂದ ಉಪಸಂಪಾದಕನಾದ ನನ್ನನ್ನೇ ಉತ್ತರದ ಹಾಯಿಲ್‌ಗೆ ಕಳಿಸಿದ್ದರು. ಊರಿನ ಪರಿಚಯದ ಎಳೆ ಹಿಡಿದು ಒಂದು ಶುಕ್ರವಾರ ಮಧ್ಯಾಹ್ನ ಹಸನಬ್ಬರ ಕೋಣೆಗೆ ಊಟಕ್ಕೆ ಹೋದೆ. ಅವರು ಅಲ್ಲಿನ ದೊಡ್ಡ ತೋಟವೊಂದರಲ್ಲಿ ಪಿವೋಟ್ ನಡೆಸುವವರು. ಪಿವೋಟ್ ಎಂದರೆ ಚಕ್ರಗಳ ಮೇಲೆ ನಿಂತ ಉದ್ದನೆಯ ನೀರಿನ ಕೊಳವೆ. ಒಂದು ತುದಿ ಗದ್ದೆಯ ನಡುವೆ ನೆಟ್ಟಿರುತ್ತದೆ, ಉಳಿದದ್ದು ಗಡಿಯಾರದ ಮುಳ್ಳಿನಂತೆ ನೀರು ಚಿಮುಕಿಸುತ್ತ ಸುತ್ತುತ್ತದೆ. ಆದ್ದರಿಂದ ಅಲ್ಲಿನ ಗದ್ದೆಗಳೆಲ್ಲ ಮರಳಿನ ಮೇಲೆ ಅಂಟಿಸಿದ ಹಸಿರು ಬಿಲ್ಲೆಗಳು. ಏಳನೆಯ ನಂಬರಿನ ಬಿಲ್ಲೆ ಹನ್ನೊಂದು ವರ್ಷಗಳಿಂದ ಹಸನಬ್ಬರದು.

ಕುಚ್ಚಲಕ್ಕಿ ಅನ್ನ, ಕೋಳಿ ಸಾರು ಮುಗಿದ ಮೇಲೆ ಆ ಚಿತ್ರ ಬಂತು. ಹಸಿರು ವೃತ್ತದ ಒಂದು ಮಗ್ಗುಲಲ್ಲಿ ಹಳದಿ ಗೆರೆಗಳಿದ್ದವು. ತೋಟದ ಈಜಿಪ್ಟಿನ ಎಂಜಿನಿಯರ್ ಇದನ್ನು ಮೇಜಿನ ಮೇಲೆ ಬಡಿದು, ಹಸನಬ್ಬರು ಕೊಳವೆಯಿಂದ ನೀರು ಚಿಮ್ಮುವ ನಾಝಲ್‌ಗಳನ್ನು ಸರಿಯಾಗಿ ತೊಳೆಯದ್ದರಿಂದ ಬೆಳೆ ಒಣಗಿದೆ, ಈ ಸಲ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸುವುದಿಲ್ಲ, ಊರಿಗೆ ಹೊರಡಬಹುದು ಎಂದಿದ್ದ. ಭಾನುವಾರ ಆ ಪತ್ರ, ವೀಸಾ ಕೊಡಿಸಿದ ತೋಟದ ಮಾಲೀಕ, ಅಂದರೆ ಕಫೀಲ್‌ನ ಸಹಿಗೆ ಹೋಗುವುದಿತ್ತು.

"ಹೋಗುವುದಕ್ಕೆ ಬೇಜಾರಿಲ್ಲ," ಎಂದರು ಹಸನಬ್ಬ. "ಕೆಲಸ ಹಾಳು ಮಾಡಿ ಹೋದ ಅಂತ ಆಗ್ತದಲ್ಲ, ಅದು ಮಾತ್ರ ಬೇಡ."

ಅವರ ಜೊತೆ ಕೋಣೆ ಹಂಚಿಕೊಂಡಿದ್ದ ಟ್ರ್ಯಾಕ್ಟರ್ ಚಾಲಕ, ಉಡುಪಿಯ ಶರೀಫ್, ಬಟ್ಟಲು ಎತ್ತುತ್ತ ನಕ್ಕ. "ನಾನು ಹೇಳಿದೆನಲ್ಲ ಹಸನಾಕ, ಅದು ಜಿನ್ನ್‌ಗಳು ಕಬಡ್ಡಿ ಆಡ್ಲಿಕ್ಕೆ ಎಳೆದ ಗೆರೆ."

ಚಿತ್ರ ನೋಡಿ ನನಗೆ ನಗು ಬರಲಿಲ್ಲ. ಒಂದು ಬಗೆಯ ನಾಚಿಕೆಯಾಯಿತು. ಅದಕ್ಕೆ ಕಾರಣ ಹೇಳಬೇಕು. ಎರಡು ವಾರಗಳ ಹಿಂದಷ್ಟೇ, ವೈಮಾನಿಕ ಚಿತ್ರಗಳಲ್ಲಿ ಪ್ರಾಚೀನ ಹಳ್ಳಿಗಳನ್ನು ಗುರುತಿಸುವುದು ಹೇಗೆಂಬ ಲೇಖನವೊಂದು ನನ್ನ ಮೇಜಿಗೆ ಬಂದಿತ್ತು. ಹೂತುಹೋದ ಗೋಡೆಯ ಮೇಲೆ ಮಣ್ಣು ತೆಳುವಾಗಿರುತ್ತದೆ, ಬೇರು ಆಳಕ್ಕಿಳಿಯದೆ ಪೈರು ಗಿಡ್ಡವಾಗಿ ಬೇಗ ಹಳದಿಯಾಗುತ್ತದೆ; ಹೂತ ಕಾಲುವೆಯ ಮೇಲಾದರೆ ಮಣ್ಣು ಆಳವಿದ್ದು ಹಸಿರು ಹೆಚ್ಚು ದಿನ ಉಳಿಯುತ್ತದೆ. ನೆಲದಲ್ಲಿ ನಿಂತವನಿಗೆ ಇದಾವುದೂ ಕಾಣುವುದಿಲ್ಲ, ಮೇಲಿನಿಂದ ನೋಡಿದರೆ ಊರಿನ ನಕ್ಷೆಯೇ ಪೈರಿನಲ್ಲಿ ಮೂಡಿರುತ್ತದೆ. ಇಷ್ಟನ್ನೂ ಹೇಳುವ ಪ್ಯಾರಾವನ್ನು, ಕೆಳಗೊಂದು ಟಯರಿನ ಜಾಹೀರಾತು ಬಂದದ್ದರಿಂದ, "ಅನಗತ್ಯ ವಿವರಣೆ" ಎಂದು ನಾನೇ ಕತ್ತರಿಸಿದ್ದೆ. ಇನ್ನೊಬ್ಬರು ಬರೆದದ್ದನ್ನು ಕಡಿಮೆ ಮಾಡುವುದು ನನ್ನ ಉದ್ಯೋಗ. ಕತ್ತರಿಸಿದ್ದು ಎಲ್ಲಿ ಹೋಗಿ ಬೀಳುತ್ತದೆ ಎಂದು ನೋಡುವ ಅಭ್ಯಾಸ ಆ ಉದ್ಯೋಗಕ್ಕಿಲ್ಲ. ನಮ್ಮ ಪತ್ರಿಕೆ ಆ ಎಂಜಿನಿಯರನ ಮೇಜಿಗೂ ಬರುತ್ತಿತ್ತಂತೆ.

ಕತ್ತರಿಸಿದ ಪ್ಯಾರಾವನ್ನು ನೆನಪಿನಿಂದ ಎತ್ತಿ ಹಸನಬ್ಬರಿಗೆ ಒಪ್ಪಿಸಿದೆ. ಗೆರೆಗಳು ಒಂದನ್ನೊಂದು ಮೂಲೆಮಟ್ಟಕ್ಕೆ ಕೂಡುತ್ತಿದ್ದವು. ಒಂದರ ಪಕ್ಕ ಒಂದು ಚೌಕ, ನಡುವೆ ಅಂಗಳದಷ್ಟು ಖಾಲಿ. ಇವು ಕೋಣೆಗಳಿರಬಹುದು, ಇದೊಂದು ಹಳ್ಳಿಯೇ ಇರಬಹುದು ಎಂದು ಉತ್ಸಾಹದಿಂದ ಹೇಳುತ್ತಲೇ ಹೋದೆ.

"ಯಾರ ಹಳ್ಳಿಯೋ ನನಗೆಂತ ಮಾರಾಯ್ರೆ," ಎಂದರು ಅವರು. ಆದರೆ ಚಿತ್ರವನ್ನು ತಮ್ಮತ್ತ ಎಳೆದುಕೊಂಡರು. ಹೆಬ್ಬೆರಳನ್ನು ವೃತ್ತದ ನಡುವೆ ಊರಿ ಕಿರುಬೆರಳನ್ನು ಒಂದು ಸುತ್ತು ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. "ನಾಝಲ್ ಕಟ್ಟಿಕೊಂಡ್ರೆ ಒಣಗುವುದು ಉಂಗುರದ ಹಾಗೆ. ಪಿವೋಟ್ ತಲೆಕೆಳಗಾಗಿ ನಿಂತರೂ ಮೂಲೆ ಮಾಡ್ಲಿಕ್ಕೆ ಸಾಧ್ಯವಾ? ಇದು ನನ್ನ ತಪ್ಪಲ್ಲವೇ ಅಲ್ಲ!"

ಶರೀಫನೂ ಬಟ್ಟಲು ಇಟ್ಟು ಬಂದ. "ಹೌದು ಹಸನಾಕ, ಉಳುವಾಗ ಅಲ್ಲಿ ಪ್ರತೀ ವರ್ಷ ಟಕ್ ಟಕ್ ಅಂತದೆ. ನಾನು ಅಲ್ಲಿ ನೇಗಿಲು ಸ್ವಲ್ಪ ಎತ್ತಿ ಹೋಗ್ತೇನೆ."

ಬರೆಯುವವನೂ ಓದುವವನೂ ಆದ ನನಗೆ ಹೊಳೆಯದ ಈ ಸರಳ ಜ್ಯಾಮಿತಿ, ಹನ್ನೊಂದು ವರ್ಷ ಒಂದೇ ವೃತ್ತದ ಸುತ್ತ ನಡೆದವರಿಗೆ ಹೊಳೆಯಿತು. ಶನಿವಾರ ಬೆಳಿಗ್ಗೆ ಅವರು ಎಂಜಿನಿಯರನ ಮುಂದೆಯೂ ಹಾಗೆಯೇ ಬೆರಳು ತಿರುಗಿಸಿದರಂತೆ. ಆತ ಕೋಪಿಷ್ಠನಾದರೂ ಲೆಕ್ಕ ಬಲ್ಲವನು. ತಾನೂ ಒಮ್ಮೆ ಬೆರಳು ತಿರುಗಿಸಿ ನೋಡಿ ಪತ್ರವನ್ನು ಹರಿದು ಹಾಕಿದ. ಮರುಗಳಿಗೆಯಲ್ಲೇ, ಕೊಯ್ಲಾದ ಕೂಡಲೇ ಶರೀಫನ ಟ್ರ್ಯಾಕ್ಟರಿಗೆ ಆಳದ ಹಲ್ಲು ಕಟ್ಟಿಸಿ ಆ ಕಲ್ಲುಗಳನ್ನೆಲ್ಲ ಕೀಳಿಸಿಬಿಡು ಎಂದು ಅಪ್ಪಣೆಯನ್ನೂ ಕೊಟ್ಟ.

ಇಲ್ಲಿಗೆ ಹಸನಬ್ಬರ ಕೆಲಸ ಉಳಿದಿತ್ತು, ಹೆಸರೂ ಉಳಿದಿತ್ತು. ಆಯ್ತು ಎಂದಿದ್ದರೆ ಸಾಕಿತ್ತು. ಬದಲಿಗೆ ಅವರು ಜಿದ್ದಾಕ್ಕೆ ಮರಳಿದ್ದ ನನಗೆ ಫೋನು ಮಾಡಿ, ಹಳೆಯ ಕಲ್ಲುಗಳ ಸುದ್ದಿಯನ್ನು ಯಾವ ಇಲಾಖೆಗೆ ಹೇಳಬೇಕು ಎಂದು ಕೇಳಿದರು. ಹೇಳಿದರೆ ಅವರು ಬಂದು ಬೇಲಿ ಹಾಕುತ್ತಾರೆ, ಏಳನೆಯ ನಂಬರು ನಿಂತುಹೋಗುತ್ತದೆ, ಎಂಜಿನಿಯರ್ ಮತ್ತೆ ಪತ್ರ ಬರೆಯಲೂಬಹುದು ಎಂದು ಮೂರನ್ನೂ ಸ್ಪಷ್ಟವಾಗಿ ತಿಳಿಸಿದೆ. ಎರಡು ಕಡೆಯನ್ನೂ ಹೇಳುವುದು ನನಗೆ ಅಂಟಿದ ರೋಗ.

"ಗೊತ್ತುಂಟು," ಎಂದರು. "ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಆ ಗೋಡೆ ಒಂದೇ. ಅದನ್ನೇ ಕೀಳಿಸುವುದಾ ಪೇಪರಿನವ್ರೆ?"

ಇಲಾಖೆಯ ವಿಳಾಸ ಕೊಟ್ಟೆ. ಎಂಜಿನಿಯರಿಗೆ ಮೊದಲೇ ಹೇಳಿ, ಆತನ ಬೈಗುಳ ಪೂರ್ತಿ ಕೇಳಿಸಿಕೊಂಡು, ಅನಂತರ ಹಸನಬ್ಬರು ಇಲಾಖೆಗೆ ತಿಳಿಸಿದರು. ಕಾನೂನು ಗೊತ್ತಿದ್ದ ಕಫೀಲ್ ತಕರಾರು ಮಾಡಲಿಲ್ಲ. ಕೊಯ್ಲಾದ ಮೇಲೆ ಇಲಾಖೆಯ ಜನ ಬಂದು ಅಳೆದರು, ಬೇಲಿ ಹಾಕಿದರು. ಅಲ್ಲಿ ವಾಸವಿದ್ದವರು ಯಾರು, ಎಷ್ಟು ಹಳಬರು ಎಂಬುದು ನನಗೆ ತಿಳಿಯಲಿಲ್ಲ, ತಿಳಿಯದ್ದನ್ನು ಬರೆಯುವುದಿಲ್ಲ. ಏಳನೆಯ ನಂಬರು ಮರಳಿನ ಬಣ್ಣಕ್ಕೆ ತಿರುಗಿತು. ಕೆಲವು ತಿಂಗಳು ಇಕಾಮಾದ ಮಾತೇ ಇರಲಿಲ್ಲ, ಹಸನಬ್ಬರು ಗೋದಾಮಿನಲ್ಲಿ ಪೈಪು ಎಣಿಸುತ್ತಿದ್ದರು. ಆಮೇಲೆ ಒಂದು ದಿನ ಅದು ನವೀಕರಣವಾಯಿತು. ಹದಿನಾಲ್ಕನೆಯ ನಂಬರು ಸಿಕ್ಕಿತು.

ಹೊಸ ಗೋಧಿ ಗೇಣುದ್ದ ಬಂದಾಗ ಅವರು ಎಂಜಿನಿಯರಿಂದಲೇ ಕೇಳಿ ಪಡೆದ ಚಿತ್ರವೊಂದನ್ನು ನನ್ನ ಫೋನಿಗೆ ಕಳಿಸಿದರು. ಹಿಂದೆಯೇ ಕರೆ ಬಂತು.

"ಒಮ್ಮೆ ಸರಿಯಾಗಿ ನೋಡಿ ಹೇಳಿ. ಇದರ ಅಡಿಯಲ್ಲಿ ಯಾರ ಮನೆಯೂ ಇಲ್ಲ ಅಲ್ವಾ?"

ದೊಡ್ಡದು ಮಾಡಿ, ತಿರುಗಿಸಿ, ಮೂಲೆಯಿಂದ ಮೂಲೆಗೆ ನೋಡಿದೆ. ಹಸಿರು ಸಮವಾಗಿತ್ತು. "ಈ ಚಿತ್ರದಲ್ಲಿ ಏನೂ ಕಾಣುತ್ತಿಲ್ಲ," ಎಂದೆ. "ಅಷ್ಟರಿಂದ ಇಲ್ಲವೆಂದು ಹೇಳಲಾರೆ."

"ನಿಮ್ಮ ಬಾಯಲ್ಲಿ ಒಂದು ‘ಇಲ್ಲ’ ಹೊರಡಿಸುವುದೂ ಕಷ್ಟ ಮಾರಾಯ್ರೆ," ಎಂದು ನಕ್ಕರು. ಹಿಂದೆ ಪಂಪು ಶುರುವಾದ ಸದ್ದು ಕೇಳಿಸಿತು. "ಆಯ್ತು, ನಾನು ನೀರು ಬಿಡ್ತೇನೆ. ಅಡಿಯಲ್ಲಿ ಯಾರಾದ್ರೂ ಇದ್ರೆ ಪೈರಿನಲ್ಲಿ ಅವ್ರೇ ಹೇಳ್ತಾರೆ."