ಏಳೂವರೆಯ ನಂತರದ ಹಾಲು

ವೇಣೂರಿನ ಪಕ್ಕದ ನಮ್ಮ ಹಾಲಿನ ಸೊಸೈಟಿಯಲ್ಲಿ ವಸಂತಿ ಹತ್ತೊಂಬತ್ತು ವರ್ಷ ಹಾಲು ಅಳೆದಳು. ಅವಳನ್ನು ಮನೆಗೆ ಕಳುಹಿಸಿದ ಆಡಳಿತ ಮಂಡಳಿಯಲ್ಲಿ, ನಿವೃತ್ತ ಮಾಸ್ತರನಾದ ನಾನೂ ಇದ್ದೆ. ಇದನ್ನು ಬರೆಯುವ ಯೋಗ್ಯತೆ ನಿನಗಿಲ್ಲ ಎಂದರೆ ಒಪ್ಪಿಕೊಳ್ಳುತ್ತೇನೆ.

ಸೊಸೈಟಿ ಹುಟ್ಟಿದ್ದೇ ಹೊಳೆಯಾಚೆಯ ಹನ್ನೊಂದು ಮನೆಗಳಿಗಾಗಿ. ಅಲ್ಲಿನವರು ಒಂದೆರಡು ದನ ಸಾಕಿಕೊಂಡು, ಹಾಲಿನ ಕ್ಯಾನುಗಳನ್ನು ಮೊದಲ ಬಸ್ಸಿಗೆ ಹಾಕಿ ಕಳುಹಿಸುತ್ತಿದ್ದರು. ಬಸ್ಸು ಬರುವುದು ಏಳೂಮುಕ್ಕಾಲಿಗೆ. ವಸಂತಿ ರಸ್ತೆಗೆ ಹೋಗಿ ಇಳಿಸಿಕೊಂಡು, ಮುಚ್ಚಳ ನೋಡಿಯೇ ಇದು ಸುಬ್ಬಮ್ಮನದು ಎಂದು ಗುರುತು ಹಿಡಿದು ಅಳೆಯುತ್ತಿದ್ದಳು. ಹಾಲು ಒಯ್ಯುವ ಲಾರಿ ಬರುವುದು ಎಂಟೂವರೆಗೆ. ಯಾರಿಗೂ ತೊಂದರೆ ಇರಲಿಲ್ಲ.

ಆಮೇಲೆ ನಮಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಬೇರೆ ಊರಿನವರಲ್ಲಿದೆ, ನಮ್ಮಲ್ಲಿಲ್ಲದಿದ್ದರೆ ಮರ್ಯಾದೆಯಲ್ಲ ಎಂದರು ಅಧ್ಯಕ್ಷ ಶಾಂತಿರಾಜರು. ನಾವೆಲ್ಲ ಕೈ ಎತ್ತಿ, ಚಹಾ ಕುಡಿದು ಎದ್ದೆವು. ಇದರಿಂದ ನಮಗೆ ಏನಾಗಬೇಕು, ಇದು ಯಾರ ಮಾತು ಕೇಳಬೇಕು ಎಂದು ಒಬ್ಬನೂ ಬಾಯಿ ಬಿಡಲಿಲ್ಲ. ಬಂದ ಯಂತ್ರ ಸರಿಯಾಗಿ ಏಳೂವರೆಗೆ ತಾನಾಗಿಯೇ ಲೆಕ್ಕ ಮುಚ್ಚುತ್ತಿತ್ತು; ಆಮೇಲೆ ಬಂದ ಹಾಲನ್ನು ಬರೆದುಕೊಳ್ಳುತ್ತಿರಲಿಲ್ಲ. ಮೊದಲ ದಿನವೇ ಹನ್ನೊಂದು ಕ್ಯಾನುಗಳು ವಾಪಸು ಹೋದವು.

ವಸಂತಿ ಶಾಂತಿರಾಜರ ಮನೆಗೆ ಓಡಿದಳು.

"ಅದು ಕಂಪ್ಯೂಟರಿನ ವಿಷಯ ಮಾರಾಯ್ತಿ, ಕಂಪೆನಿಯವರನ್ನು ಕೇಳು" ಎಂದರು ಅವರು.

ಕಂಪೆನಿಯವರು ಮಂಡಳಿಯ ಪತ್ರ ಬೇಕೆಂದರು. ಅವಳು ನನ್ನಲ್ಲಿಗೆ ಬಂದಳು. "ಮುಂದಿನ ಮೀಟಿಂಗಿನಲ್ಲಿ ನೋಡುವ" ಎಂದೆ. ಮೀಟಿಂಗಿನಲ್ಲಿ ಅಧ್ಯಕ್ಷರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಆಚೆಯವರ ಹೆಸರಿಗೆ ನಿನ್ನೆಯ ಅಳತೆಯನ್ನೇ ಏಳೂವರೆಯೊಳಗೆ ಹಾಕಿಬಿಡುವುದು, ಬಸ್ಸು ಬಂದ ಮೇಲೆ ಹಾಲು ಸುರಿದುಕೊಳ್ಳುವುದು, ಹೆಚ್ಚುಕಡಿಮೆಯಾದದ್ದನ್ನು ಮರುದಿನ ಸರಿಮಾಡುವುದು. ಏಳು ತಿಂಗಳು ಹೀಗೇ ನಡೆಯಿತು. ಒಂದು ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕಂಪ್ಯೂಟರಿನಲ್ಲಿ ಆಚೆಯವರ ಹೆಸರಿಗೆ ಐವತ್ತು ಲೀಟರ್ ಹಾಲಿತ್ತು, ಲಾರಿಗೆ ಹಾಕಲು ಅದು ಇರಲಿಲ್ಲ.

"ಬಾರದ ಹಾಲನ್ನು ಬರೆದದ್ದು ಹೌದಾ?" ಶಾಂತಿರಾಜರು ಸಭೆಯಲ್ಲಿ ಕೇಳಿದರು.

"ಹೌದು. ಯಾಕೆಂದು ಎಲ್ಲರಿಗೂ ಗೊತ್ತುಂಟು."

ನಾನು ಫ್ಯಾನು ನೋಡಿದೆ. ಅವಳನ್ನು ಕೆಲಸದಿಂದ ತೆಗೆಯಲು ಮತ್ತೆ ಎಲ್ಲರ ಕೈ ಮೇಲೆದ್ದಿತು. ಕಳ್ಳತನ ಹಿಡಿದುಕೊಟ್ಟ ಯಂತ್ರವನ್ನು ಅಧ್ಯಕ್ಷರು ಹೊಗಳಿದರು. ಹೊಳೆಯಾಚೆ ದನ ಮಾರುವ ಮಾತು ಅದೇ ವಾರ ಶುರುವಾಯಿತು.

ವಸಂತಿ ಬೀಗದ ಕೈ ಒಪ್ಪಿಸಲು ಬಂದ ದಿನ, ಕಂಪೆನಿಯ ನವಾಝ್ ಅವಳ ಹೆಸರನ್ನು ಯಂತ್ರದಿಂದ ತೆಗೆಯುತ್ತಿದ್ದ. ನಾನು ಪಕ್ಕದಲ್ಲಿ ಕೂತಿದ್ದೆ.

"ಏಳೂವರೆಯನ್ನು ಎಂಟು ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕು?" ಎಂದು ಅವನನ್ನು ಕೇಳಿದಳು.

"ಎರಡು ನಿಮಿಷ ಅಕ್ಕ. ಹೆಸರು ತೆಗೀಲಿಕ್ಕೂ ಅಷ್ಟೇ. ಇದಕ್ಕೆ ಪತ್ರ ಕೊಟ್ಟಿದ್ದಾರೆ."

ಪತ್ರ ಮೇಜಿನ ಮೇಲೆಯೇ ಇತ್ತು. ಅವಳು ಅದನ್ನೆತ್ತಿಕೊಂಡು ನಮ್ಮ ಸಹಿಗಳನ್ನು ಒಂದೊಂದಾಗಿ ಓದಿದಳು.

"ಇನ್ನೊಂದು ಪತ್ರ ಬರೀಲಿಕ್ಕೆ ಕಾಗದ ಇರಲಿಲ್ಲವಾ ಮಾಸ್ಟ್ರೇ?" ಎಂದಳು.