ಟೈಲರಮ್ಮನ ಹುಡುಗಿ ಸೈನ್ಯಕ್ಕೆ ಹೋದದ್ದು

ಟೈಲರಮ್ಮನ ಅಂಗಡಿ ಎಲ್ಲಿ ಎಂದು ಯಾರಾದರೂ ಹೊಸಬರು ಕೇಳಿದರೆ, ಬಸ್ ನಿಲ್ದಾಣದಿಂದ ನೇರ ಹೋಗಿ, ಎಲ್ಲಿ ಒಬ್ಬ ಹುಡುಗಿಯ ಮಾತು ಮಷೀನಿನ ಸದ್ದನ್ನೂ ಮೀರಿ ಬೀದಿಗೆ ಕೇಳಿಸುತ್ತದೋ ಅಲ್ಲಿ ನಿಂತುಬಿಡಿ ಎನ್ನುತ್ತಿದ್ದರು ಜನ. ಆ ಹುಡುಗಿಗೆ ಬೀದಿಯವರು ಇಟ್ಟಿದ್ದ ಹೆಸರು ರೇಡಿಯೋ. ಗುಂಡಿಯ ಕಾಜಾ ಹೊಲಿಯುತ್ತ ಮಾತಾಡುತ್ತಿದ್ದಳು, ಇಸ್ತ್ರಿ ಮಾಡುತ್ತ ಮಾತಾಡುತ್ತಿದ್ದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಾಗಲೂ ಮೂಗಿನಿಂದಲೇ ಏನೋ ಹೇಳುತ್ತಿದ್ದಳು. ಟೈಲರಮ್ಮ ಅವಳಿಗೆ ಚಿಕ್ಕಮ್ಮ. ತಾಯಿ ತೀರಿಕೊಂಡಾಗ ಕೂಸಾಗಿದ್ದವಳನ್ನು ಎತ್ತಿಕೊಂಡು ಬಂದವಳು, ಕತ್ತರಿಸುವ ಮೇಜಿನ ಕೆಳಗೆ ಬಟ್ಟೆಚೂರುಗಳ ಹಾಸಿಗೆ ಮಾಡಿ ಮಲಗಿಸಿ ಬೆಳೆಸಿದಳು.

ಊರಾಚೆ ಸೈನಿಕರ ತರಬೇತಿ ಕೇಂದ್ರವಿತ್ತು. ಅಂಗಡಿಗೆ ಅರ್ಧ ಅನ್ನ ಅಲ್ಲಿಂದಲೇ. ಹೊಸದಾಗಿ ಸೇರಿದವರು ಕೇಂದ್ರದಲ್ಲಿ ಕೊಟ್ಟ ದೊಗಲೆ ಪ್ಯಾಂಟು ಹಿಡಿದುಕೊಂಡು ಬರುತ್ತಿದ್ದರು. ಕೆಲವು ತಿಂಗಳಾದ ಮೇಲೆ ಅದೇ ಮುಖಗಳು ಕೆನ್ನೆ ಒಳಗೆ ಹೋಗಿ, ಭುಜ ಹೊರಗೆ ಬಂದು, ಸೊಂಟ ಇನ್ನಷ್ಟು ಹಿಡಿದುಕೊಡಿ ಅನ್ನುತ್ತ ನಿಲ್ಲುತ್ತಿದ್ದವು. ಟೇಪು ಹಿಡಿದು ಅವರ ಸೊಂಟದ ಅಳತೆ ತೆಗೆಯುತ್ತಲೇ ಹುಡುಗಿ ದೊಡ್ಡವಳಾದಳು. ಹನ್ನೆರಡನೇ ತರಗತಿಯ ಪರೀಕ್ಷೆ ಮುಗಿಸಿ ಬಂದ ದಿನ, ಚೀಲವನ್ನು ಮೂಲೆಗೆ ಎಸೆದು ಹೇಳಿಯೂಬಿಟ್ಟಳು.

"ಚಿಕ್ಕಮ್ಮ, ನಾನು ಸೈನ್ಯಕ್ಕೆ ಸೇರ್ತೀನಿ."

ಟೈಲರಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪೆಡಲನ್ನು ಜೋರಾಗಿ ತುಳಿದಳು. ಆಮೇಲೆ ಯಾವಾಗ ಆ ಮಾತೆತ್ತಿದರೂ ಅಷ್ಟೇ, ಮಷೀನು ಕುದುರೆಯ ಹಾಗೆ ಓಡುತ್ತಿತ್ತು. ಚಿಕ್ಕಮ್ಮನಿಗೆ ಇಷ್ಟವಿಲ್ಲ ಎಂದು ಹುಡುಗಿ ತೀರ್ಮಾನಿಸಿದಳು. ಶಾಲೆಯ ವಿಜ್ಞಾನದ ಮೇಡಂ ಬೇರೆ, ಮನೆಗೇ ಬಂದು, "ಇಷ್ಟು ಚೆನ್ನಾಗಿ ಓದೋ ಹುಡುಗಿ ಕಾಲೇಜಿಗೆ ಹೋಗದೆ ಬೂಟು ಹಾಕ್ಕೊಂಡು ಓಡ್ತೀನಿ ಅಂತೀಯಲ್ಲ" ಎಂದು ತಲೆ ಚಚ್ಚಿಕೊಂಡು ಹೋದರು. ಯಾರ ಮಾತನ್ನೂ ತೆಗೆದುಹಾಕುವ ಹಾಗಿರಲಿಲ್ಲ. ಸೇರಬೇಕು ಅನ್ನುವುದು ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ಓಡುವಾಗ ಖಂಡಿತ ಅನ್ನಿಸುತ್ತಿತ್ತು. ಓಟ ಮುಗಿಸಿ ಮೊಣಕಾಲು ಹಿಡಿದು ನಿಂತು ಏದುಸಿರು ಬಿಡುವಾಗ, ನಾನೇನು ಹುಚ್ಚಿಯೇ ಅನ್ನಿಸುತ್ತಿತ್ತು.

ಇದನ್ನು ಬಗೆಹರಿಸಬಲ್ಲವರು ಒಬ್ಬರೇ ಎಂದು ಅವಳಿಗೆ ತೋರಿತು. ಮಿಲಿಟರಿ ಮಾವ.

ಮಿಲಿಟರಿ ಮಾವ ಯಾರಿಗೂ ಮಾವನಲ್ಲ, ಊರಿಗೆಲ್ಲ ಮಾವ. ಸೈನ್ಯದಿಂದ ಬಂದ ಮೇಲೆ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗಿ ಹೇಳುವ ಕೆಲಸ ಹಿಡಿದಿದ್ದರು. ಎಡಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಅಂಗಿಯ ಎಡತೋಳನ್ನು ಮಡಿಸಿ ಪಿನ್ನು ಚುಚ್ಚಿಕೊಳ್ಳುವುದು ಅವರಿಗೆ ಆಗಿಬರುತ್ತಿರಲಿಲ್ಲ. ಹೊಸ ಅಂಗಿ ಕೊಂಡಾಗಲೆಲ್ಲ ಟೈಲರಮ್ಮನ ಹತ್ತಿರ ತಂದು ತೋಳನ್ನು ಅಳತೆಗೆ ಕತ್ತರಿಸಿ ತುದಿ ಮುಚ್ಚಿಸಿಕೊಂಡು ಹೋಗುತ್ತಿದ್ದರು. ಹುಡುಗಿ ನಿಲ್ದಾಣದ ಕೊಠಡಿಗೆ ಹೋಗಿ ನಿಂತಾಗ ಅವರು ಒಂದೇ ಕೈಯಲ್ಲಿ ಚಹಾದ ಲೋಟವನ್ನೂ ಮೈಕನ್ನೂ ನಿಭಾಯಿಸುತ್ತಿದ್ದರು.

"ಮಾವ, ಸೈನ್ಯಕ್ಕೆ ಹೋಗ್ಲಾ ಬೇಡ್ವಾ?"

"ಯಾಕೆ ಹೋಗ್ಬೇಕು ಅಂತ ನಿನಗೆ?"

"ಯೂನಿಫಾರಂ ಚೆನ್ನಾಗಿರುತ್ತೆ."

"ಅದನ್ನ ನೀನೇ ಹೊಲ್ಕೋಬಹುದಲ್ಲ!"

"ಊರೂರು ನೋಡ್ಬಹುದು."

"ಟಿಕೆಟ್ ತಗೋ, ಇಲ್ಲೇ ಬಸ್ ಇದೆ. ಇನ್ನೇನು?"

ಹುಡುಗಿ ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಣ್ಣು ಅವರ ಮೊಟಕು ತೋಳಿನ ಕಡೆ ಹೋಯಿತು. ಅವರು ಅದನ್ನು ಗಮನಿಸಿದರು.

"ಕೇಳು, ಪರವಾಗಿಲ್ಲ. ಎಲ್ಲರೂ ಯುದ್ಧ ಅಂದ್ಕೊಂಡಿದಾರೆ. ಯುದ್ಧ ಅಲ್ಲ. ಅಕ್ಕಿ ಮೂಟೆ ತುಂಬಿದ್ದ ಲಾರಿ ತಿರುವಲ್ಲಿ ಮಗುಚ್ತು. ನಾನು ಕೆಳಗೆ ಸಿಕ್ಕೊಂಡೆ. ಜೊತೆಗಿದ್ದವನು ನಾನು ಮೂರ್ಛೆ ಹೋಗದ ಹಾಗೆ ಪೂರ್ತಿ ಹೊತ್ತು ಬೈತಾನೇ ಇದ್ದ, ಪುಣ್ಯಾತ್ಮ. ಯುದ್ಧಾನೂ ನೋಡಿದೀನಿ. ಅದರ ಬಗ್ಗೆ ಚಹಾ ಕುಡೀತಾ ಹೇಳೋಕಾಗಲ್ಲ."

"ಈಗ ಮತ್ತೆ ಕರೆದ್ರೆ ಹೋಗ್ತೀರಾ?"

"ನಿನ್ನ ವಯಸ್ಸು ವಾಪಸ್ ಕೊಟ್ರೆ ಹೋಗ್ತೀನಿ. ಆದ್ರೆ ಅದು ನನ್ನ ಉತ್ತರ ಮಗಳೇ, ನಿಂದಲ್ಲ." ಲೋಟ ಕೆಳಗಿಟ್ಟರು. "ನಿನ್ನ ವಿಷಯದಲ್ಲಿ ನನಗೆ ಓಟದ ಚಿಂತೆ ಇಲ್ಲ, ಬಾಯಿದೇ ಚಿಂತೆ. ಅಲ್ಲಿ ಒಬ್ರು ಹೇಳಿದ್ದನ್ನ ಮಾಡ್ಬೇಕು. ಒಂದು ಕೆಲಸ ಮಾಡು. ಈ ವಾರ ಪೂರ್ತಿ ಚಿಕ್ಕಮ್ಮ ಹೇಳಿದ್ದಕ್ಕೆಲ್ಲ 'ಸರಿ' ಅನ್ನು. ಸರಿ ಬಿಟ್ಟು ಬೇರೆ ಮಾತು ಬೇಡ. ಆಮೇಲೆ ಬಾ."

ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಳು. ಮೊದಲ ದಿನ ಬೀದಿಯವರು ಹೆದರಿದರು. ಪಕ್ಕದ ಚಪ್ಪಲಿ ಅಂಗಡಿಯವನು ಇಣುಕಿ, "ರೇಡಿಯೋಗೆ ಜ್ವರಾನಾ?" ಎಂದು ಕೇಳಿದ. ಹುಡುಗಿ "ಸರಿ" ಅಂದಳು. ಅವನು ಇನ್ನಷ್ಟು ಗಾಬರಿಯಾಗಿ ಹೋದ. ಟೈಲರಮ್ಮನಿಗೆ ಮಾತ್ರ ಏನು ಅನ್ನಿಸಿತೋ ಮುಖದಿಂದ ಗೊತ್ತಾಗಲಿಲ್ಲ. ಹೆಮ್ಮಿಂಗ್ ಬಿಚ್ಚು ಅಂದಳು, ಹುಡುಗಿ ಬಿಚ್ಚಿದಳು. ಮತ್ತೆ ಹಾಕು ಅಂದಳು, ಹಾಕಿದಳು. ನಾಲಿಗೆಯ ತುದಿಗೆ ಬಂದ ಮಾತೆಲ್ಲ ಗಂಟಲಲ್ಲಿ ಇಳಿಸಿ ಇಳಿಸಿ ಅವಳಿಗೆ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು.

ವಾರ ಮುಗಿಯುವ ಹೊತ್ತಿಗೆ, ನಿವೃತ್ತರಾಗಲಿದ್ದ ಹೆಡ್‌ಮಾಸ್ತರರ ಕೋಟಿನ ಬಟ್ಟೆ ಮೇಜಿಗೆ ಬಂತು. ಕಪ್ಪುಬಣ್ಣದ ಒಳ್ಳೆಯ ಉಣ್ಣೆ. ಶಾಲೆಯ ಮಕ್ಕಳೆಲ್ಲ ಸೇರಿ ತೆಗೆದುಕೊಟ್ಟದ್ದು, ಚೂರೂ ಮಿಗುವಂತಿರಲಿಲ್ಲ. ಟೈಲರಮ್ಮ ಟೇಪು ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿಯನ್ನು ಹುಡುಗಿಯ ಕಡೆ ಸರಿಸಿದಳು.

"ಗೆರೆ ಮೇಲೆ ಕತ್ತರಿಸು."

ಹುಡುಗಿ ನೋಡಿದಳು. ಹೆಡ್‌ಮಾಸ್ತರರದು ಉದ್ದನೆಯ ಕೈ, ಕರಿಹಲಗೆಯ ಮೇಲಿನ ಅಂಚಿನಲ್ಲಿ ಬರೆಯುವ ಕೈ. ಈ ಗೆರೆಯ ಮೇಲೆ ಕತ್ತರಿಸಿದರೆ ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತಿತ್ತು. ಕತ್ತರಿ ಎತ್ತಿದವಳು ಕೆಳಗಿಟ್ಟಳು.

"ಏನಾಯ್ತು? ಕತ್ತರಿಸು ಅಂದೆ."

ಹುಡುಗಿ 'ಸರಿ' ಅನ್ನಲಿಲ್ಲ. ಬೇರೆ ಮಾತಂತೂ ಆಡುವ ಹಾಗಿರಲಿಲ್ಲ. ಚಿಕ್ಕಮ್ಮ ತಾನೇ ಕತ್ತರಿ ತೆಗೆದುಕೊಂಡಾಗ ಅವಳು ಅಂಗೈ ಬಿಚ್ಚಿ ಬಟ್ಟೆಯ ಮೇಲೆ, ಸರಿಯಾಗಿ ಗೆರೆಯ ಮೇಲೆ, ಊರಿದಳು. ಚಿಕ್ಕಮ್ಮ ದಿಟ್ಟಿಸಿದಳು. ಹುಡುಗಿ ಕೈ ತೆಗೆಯಲಿಲ್ಲ. ಹೊರಗೆ ಯಾವುದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಕೊನೆಗೆ ಟೈಲರಮ್ಮ ಕತ್ತರಿ ಕೆಳಗಿಟ್ಟು, ಬಟ್ಟೆ ಮಡಿಸಿ, "ಆಮೇಲೆ ನೋಡೋಣ" ಎಂದು ಒಳಗೆ ಹೋದಳು.

ಹುಡುಗಿ ಬಸ್ ನಿಲ್ದಾಣಕ್ಕೆ ಓಡಿದ ಓಟ ಕಾಲುವೆ ಏರಿಯ ಓಟಕ್ಕಿಂತ ಜೋರಾಗಿತ್ತು.

"ಮಾವ, ನಿಮ್ಮ ಬಲೆಗೆ ನಾನು ಬೀಳಲಿಲ್ಲ!"

"ಯಾವ ಬಲೆ?"

"ಗೊತ್ತಿಲ್ಲದವರ ಹಾಗೆ ಆಡ್ಬೇಡಿ. ತಪ್ಪು ಗೆರೆ ಎಳೆದು ಕತ್ತರಿಸು ಅನ್ನಿ ಅಂತ ನೀವೇ ತಾನೇ ಚಿಕ್ಕಮ್ಮನಿಗೆ ಹೇಳಿಕೊಟ್ಟಿದ್ದು? ನಾನು ಕತ್ತರಿಸಲಿಲ್ಲ. ಎದುರು ಮಾತೂ ಆಡಲಿಲ್ಲ. ಕೈ ಅಡ್ಡ ಇಟ್ಟೆ."

ಮಾವ ಮೈಕನ್ನು ಆರಿಸಿದರು. ಮುಖದಲ್ಲಿ ತಮಾಷೆ ಇರಲಿಲ್ಲ.

"ಮಗಳೇ, ನಾನು ನಿಮ್ಮ ಚಿಕ್ಕಮ್ಮನಿಗೆ ಏನೂ ಹೇಳಿಲ್ಲ. ಅವರನ್ನ ನೋಡಿಯೇ ತಿಂಗಳಾಯ್ತು."

ಹುಡುಗಿ ಅಂಗಡಿಯ ಕಡೆ ತಿರುಗಿದಳು. ವಾಪಸ್ಸು ನಡೆಯುವಾಗ ಒಂದೊಂದೇ ನೆನಪಾಗತೊಡಗಿತು. ಈ ವಾರವೆಲ್ಲ ಬಾಯಿ ಮುಚ್ಚಿಕೊಂಡಿದ್ದರಿಂದ ಕಣ್ಣಿಗೆ ಬಿದ್ದಿದ್ದ, ಆದರೆ ಅರ್ಥವಾಗದಿದ್ದ ಸಂಗತಿಗಳು. ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುವಾಗ ನೋಡುತ್ತಿರಲಿಲ್ಲ, ಬೆರಳಲ್ಲೇ ತಡಕುತ್ತಿದ್ದಳು. ಗಿರಾಕಿಗಳನ್ನು "ಯಾವ ಬಣ್ಣದ ದಾರ ಹಾಕ್ಲಿ, ನೀವೇ ಆರಿಸಿಕೊಡಿ" ಅನ್ನುತ್ತಿದ್ದಳು. ಅದನ್ನು ಮರ್ಯಾದೆ ಅಂದುಕೊಂಡಿದ್ದಳು ಹುಡುಗಿ. ಮಷೀನನ್ನು ಕಿಟಕಿಯ ಹತ್ತಿರಕ್ಕೆ ಎಳೆಸಿದ್ದು ಗಾಳಿಗಾಗಿ ಅಲ್ಲ.

ಅಂಗಡಿಯಲ್ಲಿ ಟೈಲರಮ್ಮ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಮಷೀನು ನಿಂತಿತ್ತು.

"ಯಾವಾಗಿಂದ ಚಿಕ್ಕಮ್ಮ?"

"ಏನು ಯಾವಾಗಿಂದ?"

"ಕಣ್ಣು."

ಟೈಲರಮ್ಮ ಬಾಬಿನ್ನಿಗೆ ಸುಮ್ಮನೆ ದಾರ ಸುತ್ತಿದಳು. "ಮಂಜು ಕವಿದ ಹಾಗೆ ಇರುತ್ತೆ. ಆಗೀಗ ಸರಿಹೋಗುತ್ತೆ."

"ನನಗ್ಯಾಕೆ ಹೇಳಲಿಲ್ಲ?"

"ನೀನು ಮಾತು ನಿಲ್ಲಿಸಿದ್ರೆ ತಾನೇ ಹೇಳೋದು?"

ನಗಬೇಕೆಂದು ಇಬ್ಬರಿಗೂ ಅನ್ನಿಸಿತು, ಆಗಲಿಲ್ಲ. ಹುಡುಗಿ ಚಿಕ್ಕಮ್ಮನ ಮೊಣಕಾಲ ಬಳಿ ನೆಲದ ಮೇಲೆ ಕೂತು, "ಸೈನ್ಯದ ವಿಷಯ ಇಲ್ಲಿಗೆ ಮುಗೀತು. ನಾನು ಎಲ್ಲೂ ಹೋಗಲ್ಲ" ಅಂದಳು.

ಟೈಲರಮ್ಮ ಎದ್ದು ನಿಂತಳು. ಆ ಬೀದಿಯಲ್ಲಿ ಯಾರೂ ಅವಳ ಏರುದನಿ ಕೇಳಿರಲಿಲ್ಲ. ಆವತ್ತು ಚಪ್ಪಲಿ ಅಂಗಡಿಯವನು ಸುತ್ತಿಗೆ ನಿಲ್ಲಿಸಿ ಕೇಳಿಸಿಕೊಂಡ.

"ನನ್ನ ಕಣ್ಣನ್ನ ನಿನ್ನ ಕಾಲಿಗೆ ಕಟ್ಕೋಬೇಡ! ಹೆದರಿಕೆ ಆಗುತ್ತೆ ಅಂತ ಉಳ್ಕೋ. ಕಾಲೇಜಿಗೆ ಹೋಗ್ಬೇಕು ಅಂತ ಉಳ್ಕೋ. ಮನಸ್ಸಿಲ್ಲ ಅಂತ ಉಳ್ಕೋ, ನಾನು ಖುಷಿಯಾಗಿ ಅನ್ನ ಹಾಕ್ತೀನಿ. ನೀನು ಹೋಗೋದು ನನಗೆ ಇಷ್ಟ ಇಲ್ಲ, ಅದನ್ನೂ ಹೇಳ್ತೀನಿ ಕೇಳು. ಈ ಅಂಗಡಿಗೆ ಬರೋ ಮಕ್ಕಳನ್ನ ನೋಡಿ ಇವರ ತಾಯಂದಿರು ಹೇಗೆ ನಿದ್ದೆ ಮಾಡ್ತಾರೋ ಅಂದ್ಕೊಂಡವಳು ನಾನು. ಆದ್ರೆ ಚಿಕ್ಕಮ್ಮನಿಂದ ಉಳ್ಕೊಂಡೆ ಅಂತ ನಾಳೆ ನೀನು ಮನಸ್ಸಲ್ಲಿ ಅಂದ್ಕೊಂಡ್ರೂ, ಬಾಯಿಬಿಟ್ಟು ಹೇಳೋದೇ ಬೇಡ, ಬರೀ ಅಂದ್ಕೊಂಡ್ರೂ ನಾನು ತಡ್ಕೊಳ್ಳಲ್ಲ."

ಹುಡುಗಿಗೆ ಅಳು ಬಂತು. ಜೊತೆಗೆ ಸಿಟ್ಟೂ ಬಂತು. "ಮತ್ತೆ ಕಣ್ಣು? ಅದನ್ನೇನು ಮಾಡೋಣ ಅಂತೀಯ?"

"ಡಾಕ್ಟರಿಗೆ ತೋರಿಸೋಣ. ಅದಕ್ಕೆ ಸೈನ್ಯ ಯಾಕೆ ಬೇಕು?"

ಕಣ್ಣಾಸ್ಪತ್ರೆಯ ಡಾಕ್ಟರು ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು. ಮೊದಲು ಒಂದು ಕಣ್ಣು, ಅದು ವಾಸಿಯಾದ ಮೇಲೆ ಇನ್ನೊಂದು. ಆ ವರ್ಷದ ಸೈನ್ಯದ ಆಯ್ಕೆ ಅಷ್ಟರಲ್ಲಿ ಬಂದು ಹೋಯಿತು. ಹುಡುಗಿ ಅದನ್ನು ಬಿಟ್ಟುಕೊಡಲು ಟೈಲರಮ್ಮ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಒಂದು ವರ್ಷ ತಡವಾಗಲಿ, ಆದರೆ ಹೋಗುವುದೋ ಬಿಡುವುದೋ ಅನ್ನುವುದನ್ನು ತನ್ನ ಕಣ್ಣು ಎರಡೂ ಸರಿಯಾದ ಮೇಲೆ ಹುಡುಗಿ ಹೇಳಬೇಕು, ಅಲ್ಲಿಯ ತನಕ ಆ ಸುದ್ದಿಯೇ ಬೇಡ.

ಅಂಗಡಿಯನ್ನು ಹುಡುಗಿ ಒಬ್ಬಳೇ ತಲೆಯ ಮೇಲೆ ಹೊತ್ತಳು. ಹೆಡ್‌ಮಾಸ್ತರರ ಕೋಟನ್ನು ಅವಳೇ ಕತ್ತರಿಸಿದಳು. ಅಳತೆಯನ್ನು ಎರಡೆರಡು ಸಲ ನೋಡಿ, ಗೆರೆಯನ್ನು ಹೊಸದಾಗಿ ಎಳೆದುಕೊಂಡಿದ್ದಳು. ಭುಜ ಸ್ವಲ್ಪ ಬಿಗಿಯಾಯಿತು. ಹೆಡ್‌ಮಾಸ್ತರರು ಒಳ್ಳೆಯವರು, ಕೈ ಎತ್ತದೆ ಸಮಾರಂಭ ಮುಗಿಸಿದರು. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಟೈಲರಮ್ಮ ಮೂಲೆಯಲ್ಲಿ ಕೂತು ಮಷೀನಿನ ಸದ್ದು ಕೇಳಿಯೇ "ಹೊಲಿಗೆ ದೊಡ್ಡದಾಯ್ತು" ಎನ್ನುತ್ತಿದ್ದಳು, ಸದ್ದು ಸಮನಾಗಿದ್ದರೆ ಕೂತಲ್ಲೇ ನಿದ್ದೆಹೋಗುತ್ತಿದ್ದಳು. ಯೂನಿಫಾರಂ ರಿಪೇರಿಗೆ ಬಂದ ಹೊಸ ಸೈನಿಕರನ್ನು ಹುಡುಗಿ ಈಗ ಬೇರೆ ತರಹ ಮಾತಾಡಿಸುತ್ತಿದ್ದಳು. ತಾನು ಹೇಳುವುದು ಕಡಿಮೆ, ಕೇಳುವುದು ಹೆಚ್ಚು. ಒಬ್ಬ ಹುಡುಗ ಮನೆ ನೆನಪಾಗಿ ಅಲ್ಲೇ ಅತ್ತ. ಹೊಸದಾಗಿ ಸೇರಿದ್ದ ಒಬ್ಬಳು ಪಾದದ ಬೊಬ್ಬೆಗಳನ್ನು ಪದಕ ತೋರಿಸುವ ಹಾಗೆ ತೋರಿಸಿದಳು. ಇಬ್ಬರ ಮಾತನ್ನೂ ಅವಳು ಮನಸ್ಸಿಗೆ ಹಾಕಿಕೊಂಡಳು.

ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಟೈಲರಮ್ಮ ಬಾಗಿಲಲ್ಲಿ ನಿಂತು ಬೀದಿಯನ್ನು ಬಹಳ ಹೊತ್ತು ನೋಡಿ, "ಚಪ್ಪಲಿ ಅಂಗಡಿ ಗೋಡೆಗೆ ಯಾವಾಗ ಈ ದರಿದ್ರ ಬಣ್ಣ ಬಳಿದ್ರು?" ಎಂದಳು. ನಂತರ ಹುಡುಗಿಯ ಕಡೆ ತಿರುಗಿದಳು. "ಈಗ ಹೇಳು."

ಹುಡುಗಿ ಕಾಜಾ ಹೊಲಿಯುವುದನ್ನು ನಿಲ್ಲಿಸಿದಳು. ಒಂದು ವರ್ಷ ಹಿಂದಾಗಿದ್ದರೆ ಅರ್ಧ ಗಂಟೆ ಭಾಷಣ ಮಾಡುತ್ತಿದ್ದಳು.

"ಹೋಗ್ತೀನಿ ಚಿಕ್ಕಮ್ಮ. ಈ ವರ್ಷ ನೀನು ಮೂಲೇಲಿ ಕೂತು ನಿದ್ದೆ ಮಾಡ್ತಿದ್ಯಲ್ಲ, ಮಷೀನ್ ಹತ್ರ ನಾನಿದೀನಿ ಅಂತ ನಿಶ್ಚಿಂತೆಯಾಗಿ. ಅದು ನನಗೆ ತುಂಬ ಹಿಡಿಸ್ತು. ಇನ್ನೊಬ್ರು ಹಾಗೆ ನಿದ್ದೆ ಮಾಡೋ ಹಾಗೆ ಇರೋದು ನನ್ನ ಕೈಲಾಗುತ್ತೆ ಅನ್ಸುತ್ತೆ. ಹೆದರಿಕೆ ಇದೆ. ಇಲ್ಲ ಅಂತ ಹೇಳಲ್ಲ."

ಟೈಲರಮ್ಮ ಹೂಂ ಅಂದಳು. ಈ ಸಲ ಪೆಡಲ್ ತುಳಿಯಲಿಲ್ಲ.

ಮಿಲಿಟರಿ ಮಾವನಿಗೆ ಅದೇ ಉತ್ತರ ಹೇಳಿದಾಗ ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಮರುದಿನದಿಂದ ಕಾಲುವೆ ಏರಿಗೆ ಬಂದು, ಕಲ್ಲಿನ ಮೇಲೆ ಕೂತು, ಬಸ್ಸು ಹೊರಡಿಸುವ ದನಿಯಲ್ಲೇ ಅವಳನ್ನು ಓಡಿಸಿದರು. ಆಯ್ಕೆಯಲ್ಲಿ ಓಟಕ್ಕೆ ಅವಳು ಮೊದಲಿಗಳಾಗಲಿಲ್ಲ, ಮುಂದಿನ ಸಾಲಿನಲ್ಲಂತೂ ಇದ್ದಳು. ಸೇರಿದ ಮೇಲೆ ಲಾರಿ ಓಡಿಸುವುದನ್ನು ಕೇಳಿ ಹಾಕಿಸಿಕೊಂಡಳು. ಈ ಸುದ್ದಿ ಕೇಳಿ ಮಾವ, "ತಿರುವಲ್ಲಿ ನಿಧಾನ ಅಂತ ಹೇಳಿ ಟೈಲರಮ್ಮ" ಅಂದರಂತೆ. ಬೆಟ್ಟದ ಮೇಲಿನ ಠಾಣೆಗಳಿಗೆ ಸಾಮಾನು, ಔಷಧಿ, ಕಾಗದ ಮುಟ್ಟಿಸುವುದು ಅವಳ ಪಾಲಿನ ಕೆಲಸ. ಮೇಲಿನವರು ರಸ್ತೆಯ ಕಡೆ ಕಣ್ಣಿಟ್ಟುಕೊಂಡು ಕಾಯುತ್ತಿರುತ್ತಾರೆ. ಅವಳು ಇದುವರೆಗೆ ಅವರನ್ನು ಕಾಯಿಸಿ ಕೈಕೊಟ್ಟಿಲ್ಲ.

ಮೊದಲ ರಜಕ್ಕೆ ಬಂದಾಗ ಬೀದಿಯೆಲ್ಲ ಕಥೆ ಕೇಳಲು ನೆರೆದಿತ್ತು. ಅವಳು ಚೀಲ ಇಳಿಸಿ, ಕೈಕಾಲು ತೊಳೆದು, ಊಟ ಮಾಡಿ, ಕತ್ತರಿಸುವ ಮೇಜಿನ ಪಕ್ಕದ ಬೆಂಚಿನ ಮೇಲೆ ಒರಗಿದವಳು ಹಾಗೇ ನಿದ್ದೆಹೋದಳು. ಟೈಲರಮ್ಮ ಮಷೀನು ನಿಲ್ಲಿಸಲಿಲ್ಲ, ಆ ಸದ್ದು ನಿಂತರೆ ಹುಡುಗಿಗೆ ಎಚ್ಚರವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬಾಗಿಲಿಗೆ ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು, "ಸಂಜೆ ಬನ್ನಿ" ಎಂದು ಕೈಸನ್ನೆ ಮಾಡಿ ಕಳಿಸುತ್ತ, ಹೊಲಿಯುವ ಬಟ್ಟೆ ಏನೂ ಉಳಿದಿರದಿದ್ದರೂ ಪೆಡಲ್ ತುಳಿಯುತ್ತಲೇ ಇದ್ದಳು.