ಗಾಯರಾಣದಲ್ಲಿ ನಾನು ಬೀಸಿದ ಕಲ್ಲು

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷದ ಮಳೆಗಾಲದಲ್ಲಿ ನಮ್ಮೂರ ಮಕ್ಕಳ ಕೈ ಸದಾ ಸಗಣಿ ನಾರುತ್ತಿತ್ತು. ರಾಮದುರ್ಗದಿಂದ ತುಸು ದೂರದ ನಮ್ಮೂರಿನ ಹಿಂದೆ ಒಂದು ಗುಡ್ಡ. ಅದು ಗಾಯರಾಣ, ಅಂದರೆ ಇಡೀ ಊರಿನ ದನ ಮೇಯುವ ಜಾಗ. ಹಿಂದೆ ಅಲ್ಲಿ ಬನ್ನಿ, ಬಾರಿ, ಕವಳಿಯ ಪೊದೆಗಳಿದ್ದವಂತೆ. ನಾವು ಕಂಡದ್ದು ಬರೀ ಕೆಂಪು ಕಲ್ಲು, ಕೊರಕಲು. ಮಳೆ ಬಿದ್ದರೆ ಇದ್ದಷ್ಟು ಮಣ್ಣೂ ಹಳ್ಳದ ಪಾಲು.

ಆ ಗುಡ್ಡವನ್ನು ಮತ್ತೆ ಬೆಳೆಸಬೇಕೆಂದು ಹೆಂಗಸರನ್ನು ಕಟ್ಟಿಕೊಂಡು ಹೊರಟವಳು ನನ್ನ ಸೋದರತ್ತೆ ನೀಲವ್ವ. ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡ ನನ್ನಪ್ಪನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಅವಳು. ನಮ್ಮಿಂದ ಎರಡು ಮನೆ ಆಚೆಗಿದ್ದಳು. ಹೆಂಗಸರು ಇಳಿಜಾರಿಗೆ ಅಡ್ಡಲಾಗಿ ಗುಂಡಿ ತೋಡಿ ಸಸಿ ಹಚ್ಚುತ್ತಿದ್ದರು. ಮಕ್ಕಳಿಗೆ ಬೀಜದ ಉಂಡೆಯ ಕೆಲಸ. ಕೆಮ್ಮಣ್ಣು, ಸಗಣಿ ಕಲಸಿ, ನಡುವೆ ಒಂದು ಬೇವಿನ ಬೀಜವೋ ಬಾರಿಯದೋ ಇಟ್ಟು ಒಣಗಿಸಿ, ಕಾಲಿಡಲಾಗದ ಕೊರಕಲಿನಾಚೆಗೆ ಕವಣೆಯಿಂದ ಬೀಸುವುದು. ದೂರ ಬೀಸಿದವರಿಗೆ ಅತ್ತೆ ಶೇಂಗಾದ ಉಂಡಿ ಕೊಡುತ್ತಿದ್ದಳು. ಹೆಚ್ಚು ತಿಂದವಳು ನಾನೇ. ಗುರಿಯಲ್ಲಿ ಹುಡುಗರೂ ನನಗೆ ಸಾಟಿಯಿರಲಿಲ್ಲ.

ಗುಡ್ಡದ ಬುಡದಲ್ಲಿ ಆರು ಮನೆಯವರು ಗಾಯರಾಣ ಒತ್ತಿ ಉಳುತ್ತಿದ್ದರು. ಬಿಡಬೇಕೆಂದು ಊರಸಭೆಯಲ್ಲಿ ಠರಾವಾಯಿತು. ಐದು ಮನೆಯವರು ಗೊಣಗುತ್ತಲೇ ಬಿಟ್ಟರು. ಬಿಡದವನು ನನ್ನಪ್ಪ.

ಅತ್ತೆ ಬಂದು ನಮ್ಮ ಹೊಸ್ತಿಲಲ್ಲಿ ನಿಂತಳು. "ತಮ್ಮಾ, ಉಳದ ಐದೂ ಮನಿಯವರು ಬಿಟ್ಟಾರ. ನನ್ನ ತಮ್ಮನ ಬಿಡಲಿಲ್ಲಂದ್ರ ಅವರಿಗೆ ನಾ ಯಾವ ಮಾರಿ ತೋರಿಸ್ಲಿ?"

ಅಪ್ಪ ಉಣ್ಣುವ ತಾಟಿನಿಂದ ತಲೆ ಎತ್ತಲಿಲ್ಲ. "ಆ ಹೊಲದಾಗಿನ ಕಲ್ಲು ಆರಿಸಿದಾಂವ ನಾನು. ಊರು ಆರಿಸಿಲ್ಲ. ಅಲ್ಲಿ ಯಾರರ ಗುದ್ದಲಿ ಹಾಕಿದ್ರ ಕಡದ ಬಿಡತೇನಿ."

"ನನ್ನೂ?"

"ನಿನ್ನೂ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅತ್ತೆ ಸೆರಗು ಹೊದ್ದುಕೊಂಡು ಹೊರಟುಹೋದಳು.

ಮುಂದಿನ ರವಿವಾರ ಮುಂಜಾನೆ ಹೆಂಗಸರ ಗುಂಡಿಯ ಸಾಲು ಅಪ್ಪನ ಗೋವಿನಜೋಳದ ಅಂಚು ಮುಟ್ಟಿತು. ಅಪ್ಪ ಕೊಡಲಿ ಹಿಡಿದು ಬಂದ. ಮೊದಲು ಸಸಿಗಳ ಮೇಲೆ ಬಿದ್ದ. ಒಂದೊಂದೇ ಸಸಿಯನ್ನು ಬುಡಕ್ಕೆ ಕಡಿಯುತ್ತ ನಡೆದ. ಕತ್ತರಿಸಿದ ಎಳೆ ಬೇವಿನ ಕಹಿ ವಾಸನೆ ನಾನು ನಿಂತಿದ್ದ ಬದುವಿನವರೆಗೂ ಬಂತು. ಅತ್ತೆ ಹೋಗಿ ಮುಂದಿನ ಸಸಿಗೆ ಅಡ್ಡ ನಿಂತಳು.

"ಬಾಜೂ ಸರಿ ಅಕ್ಕಾ."

"ಸರಿಯಂಗಿಲ್ಲ."

ಅಪ್ಪ ಕೊಡಲಿ ತಿರುವಿ ಅದರ ಬೆನ್ನಿನಿಂದ ಹೊಡೆದ. ಒಣಗಿದ ಹತ್ತಿಕಟಗಿ ಮುರಿದಂಥ ಸಪ್ಪಳ. ಅತ್ತೆಯ ಮುಂಗೈ ನಡುವೆ ಬಾಗಿ, ಎಲುಬಿನ ತುದಿ ಚರ್ಮ ಹರಿದು ಹೊರಗೆ ಬಂತು. ಅವಳು ಕುಸಿದು ಕೂತಳು, ಆದರೆ ಸಸಿಯ ಮುಂದೆಯೇ. ಹೆಂಗಸರು ಅಪ್ಪನ ಮೇಲೆ ಬಿದ್ದರು. ಯಾರೋ ಸಲಿಕೆಯಿಂದ ಬೆನ್ನಿಗೆ ಹಾಕಿದರು, ಯಾರೋ ಅಂಗಿ ಹಿಡಿದು ಜಗ್ಗಿದರು. ಅಪ್ಪ ಎಲ್ಲರನ್ನೂ ಒದ್ದು ಕೊಡವಿಕೊಂಡು ಮತ್ತೆ ಕೊಡಲಿ ಎತ್ತಿದ. ಈ ಸಲ ಅದರ ಹರಿತ ಬಾಯಿ ಕೆಳಗಿತ್ತು.

ಕಲ್ಲು ಯಾವಾಗ ಎತ್ತಿಕೊಂಡೆನೋ ನೆನಪಿಲ್ಲ. ಬೀಸಿದ್ದು ನೆನಪಿದೆ. ಅದು ಅಪ್ಪನ ಎಡಗಣ್ಣಿಗೆ ಬಡಿಯಿತು. ಕೊಡಲಿ ಕೈಬಿಟ್ಟು ಅಂಗೈಯಿಂದ ಕಣ್ಣು ಒತ್ತಿ ಹಿಡಿದ. ಬೆರಳ ಸಂದಿಯಿಂದ ರಕ್ತ ಸುರಿಯಿತು. ಇನ್ನೊಂದು ಕಣ್ಣಿನಿಂದ ಬದುವಿನ ಕಡೆ ನೋಡಿದ. ನನ್ನ ಕೈಯಲ್ಲಿ ಕವಣೆ ಇನ್ನೂ ತೂಗುತ್ತಿತ್ತು.

ಇಬ್ಬರನ್ನೂ ಒಂದೇ ಟೆಂಪೋದಲ್ಲಿ ಬೆಳಗಾವಿಯ ದವಾಖಾನೆಗೆ ಒಯ್ದರು. ಅಪ್ಪನ ಕಣ್ಣು ತೆಗೆದುಹಾಕಬೇಕಾಯಿತು. ಪೊಲೀಸರು ಕೇಳಿದಾಗ ಅಪ್ಪ, "ಯಾರ ಒಗದ್ರೋ ಕಾಣ್ಲಿಲ್ರಿ ಸಾಹೇಬ್ರ" ಅಂದ. ಆಚೆ ವಾರ್ಡಿನಲ್ಲಿ ಅತ್ತೆ, "ಗುಂಡ್ಯಾಗ ಬಿದ್ನಿರಿ" ಅಂದಳು. ಅಕ್ಕ ತಮ್ಮ ಮಾತಾಡಿಕೊಂಡಿರಲಿಲ್ಲ. ಹೆಂಗಸರೂ ಅತ್ತೆಯ ಮಾತನ್ನೇ ಹೇಳಿದರು.

ಊರಿಗೆ ಬಂದ ಮೇಲೆ ಅಪ್ಪ ಆ ಹೊಲಕ್ಕೆ ಕಾಲಿಡಲಿಲ್ಲ. ಬಿಟ್ಟೆ ಅಂತಲೂ ಹೇಳಲಿಲ್ಲ. ಅತ್ತೆಯ ಹೊಸ್ತಿಲನ್ನೂ ತುಳಿಯಲಿಲ್ಲ. ನನಗೆ ಬಯ್ಯಲಿಲ್ಲ, ಹೊಡೆಯಲಿಲ್ಲ. ಮೊದಲಿನ ಹಾಗೆ ಸೈಕಲ್ಲಿನ ಮುಂದೆ ಕೂಡಿಸಿಕೊಂಡು ಸಂತೆಗೂ ಒಯ್ಯಲಿಲ್ಲ. ದವಾಖಾನೆಯಿಂದ ಬಂದ ಅತ್ತೆ ಸೊಟ್ಟ ಕೈಯಿಂದಲೇ ಸಸಿಗಳಿಗೆ ನೀರು ಹೊತ್ತಳು.

ಈಗ ಆ ಗುಡ್ಡ ನೋಡಲು ಯರಗಟ್ಟಿ, ಸವದತ್ತಿ ಕಡೆಯ ಸಾಲಿ ಮಕ್ಕಳು ಬರುತ್ತಾರೆ. ಮೊಲ, ನವಿಲು ಬಂದಿವೆ. ತೋಳವೂ ಬಂದಿದೆಯೆಂದು ಕುರಿಗಾರರು ಬಯ್ಯುತ್ತಾರೆ. ಬೇಸಿಗೆ ಹತ್ತಿರ ಬಂದರೂ ಹಳ್ಳದಲ್ಲಿ ನೀರಿರುತ್ತದೆ.

ಅತ್ತೆ ಹೋದ ವರ್ಷ ತೀರಿಕೊಂಡಳು. ಅಪ್ಪ ಹೆಣಕ್ಕೆ ಹೆಗಲು ಕೊಟ್ಟ, ಮಣ್ಣು ಹಾಕಿದ. ಮೊನ್ನೆ ನಾನು ತವರಿಗೆ ಹೋದಾಗ, ಗುಡ್ಡಕ್ಕೆ ಕರೆದುಕೊಂಡು ಹೋಗು ಎಂದ. ಎಡಕ್ಕೆ ಕಾಣದೆಂದು ನನ್ನ ಹೆಗಲು ಹಿಡಿದು ಹತ್ತಿದ. ತನ್ನ ಹೊಲವಿದ್ದ ಜಾಗದಲ್ಲಿ ನಿಂತು ಒಂದು ಬೇವಿನ ಬೊಡ್ಡೆಯ ಮೇಲೆ ಕೈಯಾಡಿಸಿದ.

"ಅವತ್ತ ನೀ ಹೊಡೀದಿದ್ರ ಅಕ್ಕನ್ನ ಕೊಂದ ಬಿಡತಿದ್ದೆ," ಅಂದ.

ಈ ಮಾತು ಕೇಳಬೇಕಾಗಿದ್ದವಳು ನಾನಲ್ಲ. ಇಷ್ಟು ವರ್ಷ ಅತ್ತೆ ಎರಡೇ ಮನೆ ಆಚೆಗಿದ್ದಳು. ಕೊನೆಯ ದಿನದವರೆಗೂ ಅವಳ ಕಿವಿ ಚುರುಕಾಗಿಯೇ ಇತ್ತು.